ನಲವತ್ತನೆಯ ಚೌಕ

ತಕ್ಕಡಿ ಅಕ್ಕ ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ಮಲಗಿದಲ್ಲೇ ಹೃದಯ ನಿಂತಿತ್ತು. ನಿವೃತ್ತಿಗೆ ಇನ್ನು ಹದಿನಾರು ದಿನ ಇತ್ತು.

ಅವರ ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಹನ್ನೊಂದು ವರ್ಷ ಅವರು ಹುಲ್ಲು ತೂಗಿದರು. ಉಪಗ್ರಹ ಮೇಲಿನಿಂದ ಗುಡ್ಡಗಳ ಹಸಿರು ನೋಡುತ್ತದೆ. ಆ ಹಸಿರಿಗೆ ಬಿಸಿಲು, ಮಳೆಯ ಅಂಕಿಗಳನ್ನು ಸೇರಿಸಿ ಕಂಪ್ಯೂಟರಿನ ಮಾಡೆಲ್ ಎಲ್ಲಿ ಎಷ್ಟು ಬೆಳೆದಿದೆ ಎಂದು ಅಂದಾಜು ಹೇಳುತ್ತದೆ. ಅದು ನಿಜವೋ ಸುಳ್ಳೋ ನೋಡಲು ಯಾರಾದರೂ ನೆಲಕ್ಕೆ ಬಗ್ಗಲೇಬೇಕು. ಬಗ್ಗುತ್ತಿದ್ದವರು ಅಕ್ಕ. ಒಂದು ಮೀಟರಿನ ಕಬ್ಬಿಣದ ಚೌಕಟ್ಟು ಇಟ್ಟು, ಒಳಗಿರುವುದನ್ನೆಲ್ಲ ಬುಡಕ್ಕೆ ಕತ್ತರಿಸಿ, ದರ್ಜಿ ಗಂಡ ಹೊಲಿದುಕೊಟ್ಟ ಬಟ್ಟೆಚೀಲಕ್ಕೆ ತುಂಬಿ, ಎರಡು ದಿನ ಓವನ್ನಿನಲ್ಲಿ ಒಣಗಿಸಿ ತೂಗುವುದು. ಒಂದು ಸಲ ತೂಗಿದರೆ ಅವರಿಗೆ ಸಮಾಧಾನವಿಲ್ಲ. ಮತ್ತೆ ಒಳಗಿಟ್ಟು, ಗಂಟೆ ಬಿಟ್ಟು ತೂಗಿ, ಎರಡು ಸಲವೂ ಒಂದೇ ಅಂಕಿ ಬಂದರಷ್ಟೇ ಪುಸ್ತಕಕ್ಕೆ. "ನೀರು ಮಹಾ ಕಳ್ಳ, ಎಲ್ಲೋ ಮೂಲೇಲಿ ಅಡಗಿ ಕೂತಿರುತ್ತೆ" ಎನ್ನುತ್ತಿದ್ದರು.

ನಲವತ್ತು ಚೌಕಗಳಿದ್ದ ಉತ್ತರದ ಇಳಿಜಾರೊಂದು ಮಾತ್ರ ತಾಳೆಯಾಗುತ್ತಿರಲಿಲ್ಲ. ಅಲ್ಲಿ ಮಾಡೆಲ್ ಪ್ರತಿ ವರ್ಷ ಹೆಚ್ಚು ಹೇಳುತ್ತಿತ್ತು, ಅಕ್ಕನ ಚೀಲ ಕಡಿಮೆ. ಮಾಡೆಲ್ ನೋಡಿಕೊಳ್ಳುವ ಹುಡುಗಿಯನ್ನು ಎಲ್ಲರೂ ನಕ್ಷೆಯವಳು ಎನ್ನುತ್ತಿದ್ದರು. ಅವಳು ಅದನ್ನು ತಿದ್ದಿ ತಿದ್ದಿ ಸೋತಿದ್ದಳು. ಅಕ್ಕನ ತೂಕದ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಈ ವರ್ಷ ಅವಳೇ ಇಳಿಜಾರಿಗೆ ಬಂದು ಬಂಡೆಯ ಮೇಲೆ ಕೂತಳು. ಅಕ್ಕ ಕತ್ತರಿಸುತ್ತಾ, ನಡುನಡುವೆ ಒಂದೊಂದು ಗಿಡವನ್ನು ಹೆಗಲ ಮೇಲಿಂದ ಹಿಂದಕ್ಕೆಸೆಯುತ್ತಿದ್ದರು.

"ಅಕ್ಕಾ, ಏನದು ಎಸೆದಿದ್ದು?"

"ಅದಾ? ಈ ಇಳಿಜಾರಲ್ಲಷ್ಟೇ ಬೆಳೆಯೋ ಗಿಡ, ಬಾಯಿಗಿಡಕ್ಕಾಗದ ಕಹಿ ಕಣೆ. ದನ ಮೂಸಿಯೂ ನೋಡಲ್ಲ."

"ಅಕ್ಕಾ, ಉಪಗ್ರಹ ದನ ಅಲ್ಲ."

ಅಕ್ಕ ನಕ್ಕರು. ಆಮೇಲೆ ಕೈಯಲ್ಲಿದ್ದ ಕತ್ತರಿಯನ್ನೇ ನೋಡುತ್ತಾ ಕೂತರು. ಹಸು ಸಾಕಿದ ಮನೆಯಲ್ಲಿ ಹುಟ್ಟಿ, ಏಳನೇ ವಯಸ್ಸಿಗೇ ಮೇವು ಕೊಯ್ಯಲು ಹೋದವರು. ಕಹಿಗಿಡ ಕಂಡರೆ ಎಸೆಯುವುದು ಅವರ ಕೈಗೆ ಅಂಟಿಬಂದಿತ್ತು. ಎಸೆಯುತ್ತಿದ್ದೇನೆ ಎಂಬ ಅರಿವೂ ಅವರಿಗಿರಲಿಲ್ಲ.

"ಹನ್ನೊಂದು ಪುಸ್ತಕ. ಎಲ್ಲಾ ರದ್ದಿಗೆ ಹೋಗುತ್ತಾ?"

"ಗೊತ್ತಿಲ್ಲ ಅಕ್ಕಾ."

ಮರುದಿನ ಸಾಹೇಬರ ಮೇಜಿನ ಮುಂದೆ ತಾವೇ ಹೋಗಿ ನಿಂತರು. "ತಪ್ಪು ನಂದು. ಆ ನಲವತ್ತು ಚೌಕಾನೂ ಮತ್ತೆ ಕೊಯ್ತೀನಿ. ಇಟ್ಟುಕೊಂಡಿದ್ದಕ್ಕೆ ಒಂದು ಚೀಲ, ಎಸೀತಿದ್ದಿದ್ದಕ್ಕೆ ಇನ್ನೊಂದು."

ಮನೆಯಲ್ಲಿ ಗಂಡ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಕೇಳಿದರು: "ಇಷ್ಟು ವರ್ಷ ಒಂಟಿ ಚೀಲ, ಈಗ ಜೋಡಿ. ಹುಲ್ಲಿಗೆ ಮದುವೆ ಮಾಡಿಸ್ತಿದ್ದೀಯೇನೇ?"

"ಸುಮ್ನೆ ಹೊಲೀರಿ. ಕಹಿಯದ್ದಕ್ಕೆ ಕೆಂಪು ದಾರ ಇರಲಿ."

"ಹಂಗಾದ್ರೆ ನನಗೂ ಒಂದು ಕಟ್ಟಿಬಿಡು."

"ನಿಮ್ಮನ್ನ ದನ ಮೂಸಿಯಾದ್ರೂ ನೋಡುತ್ತೆ, ಬಿಡಿ."

ಮೂವತ್ತೊಂಬತ್ತು ಚೌಕ ಮುಗಿದ ದಿನ ನಕ್ಷೆಯವಳು ತೂಕದ ಕೋಣೆಗೆ ಓಡಿಬಂದಳು. ಎರಡೂ ಚೀಲ ಕೂಡಿಸಿದರೆ ಮಾಡೆಲಿನ ಅಂಕಿಗೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಕಹಿಯ ಪಾಲು ಎಲ್ಲ ಚೌಕದಲ್ಲೂ ಐದರಲ್ಲಿ ಒಂದರ ಆಸುಪಾಸು. ಹಳೆಯ ಪುಸ್ತಕಗಳಲ್ಲಿ ಕಡಿಮೆ ಬೀಳುತ್ತಿದ್ದದ್ದೂ ಅಷ್ಟೇ.

"ಪುಸ್ತಕ ಉಳೀತು ಅಕ್ಕಾ! ಹಳೇ ಅಂಕಿಗೆಲ್ಲಾ ಆ ಪಾಲು ಕೂಡಿಸಿದ್ರೆ ಸಾಕು. ಒಂದಿನ ಎಸೆದು ಒಂದಿನ ಬಿಟ್ಟಿದ್ರೆ ಕತೆ ಮುಗೀತಿತ್ತು. ನೀವು ತಪ್ಪನ್ನೂ ಒಂದಿನ ತಪ್ಪಿಸದೆ ಮಾಡಿದ್ದೀರಿ."

ಅಕ್ಕ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಹನ್ನೊಂದು ಪುಸ್ತಕವನ್ನೂ ಧೂಳು ಹೊಡೆದು ಮತ್ತೆ ಕಪಾಟಿನಲ್ಲಿ ಜೋಡಿಸಿದರು.

"ನಲವತ್ತನೆಯದು ಬೇಡ, ಇಷ್ಟೇ ಸಾಕು" ಎಂದಳು ನಕ್ಷೆಯವಳು.

"ನಲವತ್ತು ಅಂದಿದ್ದೀನಲ್ಲಾ."

ಸೋಮವಾರ ಸಂಜೆ ಕೊನೆಯ ಜೋಡಿ ಓವನ್ನಿನಿಂದ ಹೊರಬಂತು. ಅಕ್ಕ ಮೊದಲು ಹುಲ್ಲಿನದನ್ನು, ಆಮೇಲೆ ಕೆಂಪು ದಾರದ್ದನ್ನು ತೂಗಿದರು. ಮತ್ತೆ ಒಳಗಿಟ್ಟು, ಕಿಟಕಿಯ ಪಕ್ಕ ಗಂಟೆ ಹೊತ್ತು ಕೂತು, ಇನ್ನೊಮ್ಮೆ ತೂಗಿದರು. ಅದೇ ಅಂಕಿ. ಎರಡನ್ನೂ ಪುಸ್ತಕದಲ್ಲಿ ಬರೆದು, ಕೆಳಗೆ ಸಹಿ ಹಾಕಿ, ತಕ್ಕಡಿಯ ಮೇಲೆ ಬಟ್ಟೆ ಹೊದಿಸಿದರು.