ಚಿಮಣಿ ಕಟ್ಟುವ ಐತಪ್ಪ ಮೇಸ್ತ್ರಿ

ಐತಪ್ಪ ಮೇಸ್ತ್ರಿಗೆ ಎಡಗಣ್ಣಿನ ಹುಬ್ಬು ಇರಲಿಲ್ಲ. ಹುಟ್ಟುವಾಗ ಇತ್ತಂತೆ. ದೊರೆಗಳ ಬಂಗಲೆಗಳಲ್ಲಿ ಅಗ್ಗಿಷ್ಟಿಕೆಯೊಳಗೆ ತಲೆ ಹಾಕಿ, ಒಂದು ಹಿಡಿ ಒಣಹುಲ್ಲಿಗೆ ಬೆಂಕಿ ಕೊಟ್ಟು, ಹೊಗೆ ಚಿಮಣಿಯಲ್ಲಿ ಹೇಗೆ ಏರುತ್ತದೆಂದು ಒಂದೇ ಕಣ್ಣಲ್ಲಿ ನೋಡುವುದು ಅವರ ಪದ್ಧತಿ. ಹಾಗೆ ನೋಡಿ ನೋಡಿ ಹುಬ್ಬು ಸುಟ್ಟು, ಮತ್ತೆ ಬಂದು, ಮತ್ತೆ ಸುಟ್ಟು, ಕೊನೆಗೆ ಬೆಳೆಯುವುದನ್ನೇ ಬಿಟ್ಟಿತು. "ಎಂತ ಮೇಸ್ತ್ರಿ, ಹುಬ್ಬು ಎಲ್ಲಿ ಹೋಯ್ತು?" ಎಂದು ಯಾರಾದರೂ ತಮಾಷೆ ಮಾಡಿದರೆ, "ದೊರೆಸಾನಿಗೆ ಚಳಿ ಅಂತ ಹೇಳಿದ್ರು, ಒಲೆಗೆ ಹಾಕಿದೆ ಮಾರಾಯ್ರೆ" ಎನ್ನುತ್ತಿದ್ದರು.

ಆಗ ನಾನು ಅವರನ್ನು 'ನೀನು' ಎಂದೇ ಕರೆಯುತ್ತಿದ್ದೆ. ಹುದಿಕೇರಿ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ರೈಟರ್ ಎಂದರೆ ಬರೀ ಬರೆಯುವವನಲ್ಲ. ಆಳುಗಳ ಮಾತನ್ನು ಇಂಗ್ಲಿಷು ಮಾಡಿ ದೊರೆಗೆ, ದೊರೆಯ ಇಂಗ್ಲಿಷನ್ನು ಕನ್ನಡ ಮಾಡಿ ಆಳುಗಳಿಗೆ ದಾಟಿಸುವವನೂ ಅವನೇ. ಮೇಸ್ತ್ರಿ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಆದರೆ ಇಪ್ಪತ್ತೈದರ ವಯಸ್ಸಿನಲ್ಲಿ ಮೈಗೊಂದು ಕೋಟು ಸಿಕ್ಕಿದರೆ ಬಾಯಲ್ಲಿ ಬಹುವಚನ ನಿಲ್ಲುವುದಿಲ್ಲ. ಈಗ ಬರೆಯುವಾಗ ಕೈ ತಾನಾಗಿಯೇ 'ಅವರು' ಎಂದು ಬರೆಯುತ್ತದೆ. ತಡವಾಯಿತು, ಬಿಡಿ.

ಅವರು ಘಟ್ಟದ ಕೆಳಗಿನವರು, ತುಳು ಮಾತಿನವರು. ಬಂಗಲೆಯ ಅಗ್ಗಿಷ್ಟಿಕೆ ಹೊಗೆಯನ್ನೆಲ್ಲ ಕೋಣೆಗೇ ಕಾರತೊಡಗಿದ ಒಂದು ಮಳೆಗಾಲದಲ್ಲಿ ದೊರೆ ಅವರನ್ನು ಕರೆಸಿದ. ಅದಕ್ಕೆ ಮೊದಲು ಇಬ್ಬರು ಬಂದು ಚಿಮಣಿ ಗುಡಿಸಿ ಹೋಗಿದ್ದರು, ಹೊಗೆ ಇಳಿಯುವುದು ನಿಂತಿರಲಿಲ್ಲ. ಮೇಸ್ತ್ರಿ ಗುಡಿಸಲೇ ಇಲ್ಲ. ಬಂಗಲೆಯ ಸುತ್ತ ಎರಡು ಬಾರಿ ನಡೆದರು, ಗುಡ್ಡದ ಗಾಳಿ ಯಾವ ಕಡೆಯಿಂದ ಬಂದು ಹೆಂಚಿನ ಮಾಡಿಗೆ ಬಡಿಯುತ್ತದೆಂದು ನೋಡಿದರು, ಮತ್ತೆ ಒಳಗೆ ಬಂದು ಹುಲ್ಲಿಗೆ ಬೆಂಕಿ ಕೊಟ್ಟು ತಲೆ ಹಾಕಿದರು. ದೊರೆಸಾನಿ ಕಿಟಾರನೆ ಕಿರುಚಿ ನನ್ನ ಕೋಟು ಹಿಡಿದುಕೊಂಡಳು. ಮೇಸ್ತ್ರಿ ಮಸಿ ಮುಖದಲ್ಲಿ ಹೊರಗೆ ಬಂದು, "ರೈಟ್ರೇ, ಇದಕ್ಕೆ ಗಂಟಲು ದೊಡ್ಡದಾಯ್ತು, ಕುತ್ತಿಗೆ ಗಿಡ್ಡ ಆಯ್ತು. ಹೀಗಿದ್ರೆ ಮನುಷ್ಯನೂ ಕೆಮ್ಮುತ್ತಾನೆ" ಎಂದರು. ಒಳಗೆ ಇಟ್ಟಿಗೆ ಇಟ್ಟು ಬಾಯಿ ಸಣ್ಣದು ಮಾಡಿ, ಹೊರಗೆ ಚಿಮಣಿಯನ್ನು ಎರಡು ಮೊಳ ಎತ್ತರಿಸಿದ ಮೇಲೆ ಹೊಗೆ ಹೇಳಿದ ಮಾತು ಕೇಳಿತು. ದೊರೆ ಅವರನ್ನು ತೋಟದಲ್ಲೇ ಇಟ್ಟುಕೊಂಡ. ಮೇಸ್ತ್ರಿ ಊರಿಗೆ ಹೋಗಿ ಹೆಂಡತಿ ಪೂವಕ್ಕನನ್ನು ಕರೆದುಕೊಂಡು ಬಂದರು. ಲೈನಿನಲ್ಲಿ, ಎಂದರೆ ಆಳುಗಳ ಸಾಲುಮನೆಯಲ್ಲಿ, ಕೊನೆಯ ಕೋಣೆ ಅವರಿಗೆ ಸಿಕ್ಕಿತು.

ಬೇಸಿಗೆ ಬಂದಾಗ ಅವರಿಗೆ ಇನ್ನೊಂದು ಕೆಲಸ ಬಿತ್ತು. ತೋಟದ ಆಫೀಸಿನಲ್ಲಿ ಬಟ್ಟೆಯ ದೊಡ್ಡ ಪಂಖವೊಂದು ಮಾಡಿನಿಂದ ತೂಗಾಡುತ್ತಿತ್ತು. ಹೊರಗೆ ಕೂತವನು ಹಗ್ಗ ಎಳೆದರೆ ಗಾಳಿ, ಅವನು ತೂಕಡಿಸಿದರೆ ಸೆಕೆ. ಹಗ್ಗ ಹರಿದಿತ್ತು. ಮೇಸ್ತ್ರಿ ಅದನ್ನು ನೋಡಿ, "ಹೊಸ ಹಗ್ಗ ಹಾಕುವಾ, ಅದೆಂತ ದೊಡ್ಡ ಸಂಗತಿ? ಆದ್ರೆ ಸೆಕೆ ಮೇಲೆ ಹೆಂಚಿನ ಅಡಿ ಕೂತುಂಟು. ಇದು ಅದನ್ನು ಅಲ್ಲಾಡಿಸ್ತದೆ ಅಷ್ಟೆ, ಹೊರಗೆ ಹಾಕುವುದಿಲ್ಲ. ಮೇಲೆ ಒಂದು ಕಂಡಿ ಬಿಡ್ಲಿಕ್ಕೆ ದೊರೆಯನ್ನು ಕೇಳಿ" ಎಂದರು. ನಾನು ಕೇಳಿದೆ. ದೊರೆ ಪೈಪಿಗೆ ಕಡ್ಡಿ ಗೀರುವಷ್ಟು ಹೊತ್ತು ಯೋಚಿಸಿ ತಲೆಯಾಡಿಸಿದ. ಮೇಸ್ತ್ರಿ ಮಾಡಿನ ನೆತ್ತಿಯಲ್ಲಿ ನಾಲ್ಕು ಹೆಂಚು ಎತ್ತಿ, ಮಳೆ ಬೀಳದಂತೆ ಅದರ ಮೇಲೆ ಇನ್ನೊಂದು ಸಣ್ಣ ಮಾಡು ಕೂರಿಸಿ, ಗೋಡೆಯ ಬುಡದಲ್ಲಿ ಎರಡು ಕಂಡಿ ತೆಗೆದರು. ಕೆಳಗಿನಿಂದ ತಂಪು ಬಂದು ಮೇಲಿನಿಂದ ಸೆಕೆ ಹೋಗತೊಡಗಿತು. ಅಲ್ಲಿಂದ ಮುಂದೆ ನಾನು ಆ ತಂಪಿನಲ್ಲೇ ಕೂತು ಬರೆಯುತ್ತಿದ್ದೆ.

ಅವರ ಕೈ ಒಮ್ಮೆ ಸೋತದ್ದು ನಮ್ಮ ಮನೆಯಲ್ಲಿ. ನನ್ನ ಕ್ವಾರ್ಟರ್ಸಿಗೆ ಆಗ ಹುಲ್ಲಿನ ಮಾಡು. ಅವ್ವನ ಕಣ್ಣು ಹೊಗೆಯಿಂದ ಸದಾ ಕೆಂಪಗಿರುವುದನ್ನು ಕಂಡು ಮೇಸ್ತ್ರಿ ತಾವಾಗಿಯೇ ಬಂದು ಅಡಿಗೆ ಒಲೆಗೆ ಬಂಗಲೆಯಂಥದೇ ಚಿಮಣಿ ಕಟ್ಟಿಕೊಟ್ಟರು. ಅಡಿಗೆಮನೆಯಲ್ಲಿ ಒಂದು ಎಳೆ ಹೊಗೆ ಇಲ್ಲ. ಅಬ್ಬಾ, ನಾನು ಊರೆಲ್ಲ ಕರೆದು ತೋರಿಸಿದೆ! ಮಳೆಗಾಲ ಅರ್ಧ ಕಳೆಯುವಷ್ಟರಲ್ಲಿ ಅಟ್ಟದ ಬಿದಿರಿಗೆ ಹುಳ ಬಿತ್ತು. ಕಾಳುಮೆಣಸಿಗೆ ಬೂಸ್ಟು ಹಿಡಿಯಿತು. ಒಲೆಯ ಮೇಲೆ ತೂಗುಹಾಕಿದ್ದ ಹಂದಿಮಾಂಸ ಒಣಗುವ ಬದಲು ನಾರತೊಡಗಿತು. ಮಾಡಿನ ಹುಲ್ಲು ಒಳಗಿನಿಂದಲೇ ಕೊಳೆಯಿತು. ನಮ್ಮ ಮನೆಗಳಲ್ಲಿ ಹೊಗೆ ಕಾಯುತ್ತಿದ್ದದ್ದು ಏನೇನನ್ನು ಎಂದು ಬಂಗಲೆ ಕಟ್ಟುವವರಿಗೆ ಹೇಗೆ ಗೊತ್ತಿರಬೇಕು? ಅವ್ವ ಚಿಮಣಿಯ ಬಾಯಿಗೆ ಗೋಣಿ ತುರುಕಿ ಮೇಸ್ತ್ರಿಗೆ ಹೇಳಿ ಕಳಿಸಿದಳು. ಬಂದವರಿಗೆ, "ನಂಗೆ ಈ ದೊರೆಸಾನಿ ಒಲೆ ಬೊತ್ತು ಮಾರಾಯ. ನೋಡ್, ಅಟ್ಟಕ್ಕೆಲ್ಲ ಹುಳ ಹಿಡ್ದುಟ್ಟು" ಎಂದು, ಆ ಒಲೆಯೇ ಬೇಡವೆಂದು, ಅರೆಭಾಷೆಯಲ್ಲೇ ಬೈದಳು.

ಮೇಸ್ತ್ರಿ ಜಗಳ ಮಾಡಲಿಲ್ಲ. ಅಟ್ಟದ ಕೆಳಗೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಮೇಲೆ ನೋಡಿದರು. "ಅಮ್ಮ ಹೇಳುವುದು ಸರಿ. ಮನೆಗೆ ಹೊಗೆ ಬೇಕು, ಮನುಷ್ಯನಿಗೆ ಬೇಡ. ನಾನು ಮನುಷ್ಯನನ್ನು ಮಾತ್ರ ನೋಡಿದೆ" ಎಂದರು. ಚಿಮಣಿಯನ್ನು ಅಟ್ಟದ ಎತ್ತರಕ್ಕೆ ಕಡಿದು ನಿಲ್ಲಿಸಿ, ಹೊಗೆ ಮೊದಲು ಅಟ್ಟದ ಮೇಲೆಲ್ಲ ಸುತ್ತಾಡಿ ಆಮೇಲೆ ಮಾಡಿನ ಕಂಡಿಯಿಂದ ಹೊರಗೆ ಹೋಗುವ ಹಾಗೆ ಮಾಡಿದರು. ಒಲೆಯ ಮುಂದೆ ಕೂತವರ ಕಣ್ಣಿಗೆ ಹೊಗೆ ಇಲ್ಲ, ಅಟ್ಟಕ್ಕೆ ಉಂಟು. ಅವ್ವ ಅವರನ್ನು ಕೂರಿಸಿ ಅಕ್ಕಿರೊಟ್ಟಿ ಬಡಿಸಿದಳು. ಅಲ್ಲಿಂದ ಮುಂದೆ ನನಗಿಂತ ಅವರೇ ಅವಳಿಗೆ ಮಗ.

ಇಷ್ಟೆಲ್ಲ ಮಾಡುವ ಮನುಷ್ಯನ ಸ್ವಂತ ಕೋಣೆಯಲ್ಲಿ ಕಿಟಕಿಯೂ ಇರಲಿಲ್ಲ, ಕಂಡಿಯೂ ಇರಲಿಲ್ಲ. ಲೈನಿನ ಹದಿನಾರು ಕೋಣೆಗಳೂ ಹಾಗೆಯೇ. ಹಸಿ ಸೌದೆ ಉರಿಸಿದರೆ ಹೊಗೆ ಹೆಂಚಿನ ಅಡಿಯಲ್ಲೇ ಸುತ್ತಿ ಕೆಳಗಿಳಿಯುತ್ತಿತ್ತು. ಅಟ್ಟವಿಲ್ಲ, ಮೆಣಸಿಲ್ಲ, ಆ ಹೊಗೆ ಅಲ್ಲಿ ಯಾರಿಗೂ ಬೇಕಿರಲಿಲ್ಲ. ಪೂವಕ್ಕನಿಗೆ ಎರಡನೆಯ ಮಳೆಗಾಲದಲ್ಲೇ ದಮ್ಮು ಹಿಡಿಯಿತು. ಎದೆ ಸಿಳ್ಳೆ ಹಾಕುತ್ತಿದ್ದರೂ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. "ರೈಟ್ರೇ, ನಿಮ್ಮ ದೊರೆಗೆ ಕೇಳಿ, ನಾನೆಂತ ಅಟ್ಟದಲ್ಲಿ ಕಟ್ಟಿದ ಹಂದಿಮಾಂಸವಾ?" ಎಂದು ನನ್ನನ್ನೇ ದಾರಿಯಲ್ಲಿ ನಿಲ್ಲಿಸುತ್ತಿದ್ದಳು.

ಲೈನಿನ ಹೆಂಚನ್ನು ದೊರೆಯ ಅಪ್ಪಣೆಯಿಲ್ಲದೆ ಯಾರೂ ಮುಟ್ಟಬಾರದೆಂದು ತೋಟದಲ್ಲಿ ನಿಯಮವಿತ್ತು. ಹಿಂದೆ ಯಾರೋ ಹೆಂಚು ಸರಿಸಿ ಗೋಡೆ ನೆನೆದು ಬಿದ್ದಿತ್ತಂತೆ. ಆಫೀಸಿನ ಬಾಗಿಲಿಗೆ ಆ ನಿಯಮವನ್ನು ನನ್ನ ಕೈಯಾರೆ ಬರೆದು ಅಂಟಿಸಿದ್ದೆ. ಬೇರೆಯವರಾಗಿದ್ದರೆ ಕದ್ದು ಎರಡು ಹೆಂಚು ಎತ್ತುತ್ತಿದ್ದರೇನೋ. ಮೇಸ್ತ್ರಿಗೆ ಅರ್ಧ ಗಂಟೆಯ ಕೆಲಸ. ಆದರೆ ಅವರಿಗೆ ಕೆಲಸ ಕಲಿಸಿದ ಅಪ್ಪ ಒಂದು ಮಾತು ಹೇಳಿದ್ದನಂತೆ: ಯಜಮಾನನ ಬಾಯಲ್ಲಿ 'ಹೂಂ' ಬಾರದೆ ಮಾಡಿಗೆ ಏಣಿ ಇಡಬಾರದು. ಏಣಿ ಇಟ್ಟವನ ಕೈ ಆಮೇಲೆ ನಿಲ್ಲುವುದಿಲ್ಲ ಎಂದು. ಹೆಂಡತಿ ಬೈದರೂ ಅವರು ಅದನ್ನು ಮೀರಲಿಲ್ಲ. ನನ್ನ ಹತ್ತಿರ ಬಂದು, "ಆಫೀಸಿನದ್ದರ ಹಾಗೆಯೇ ರೈಟ್ರೇ. ಒಂದು ತೊಟ್ಟು ನೀರು ಸೋರಿದ್ರೆ ನನ್ನನ್ನು ಕೇಳಿ. ದೊರೆಯ ಹತ್ರ ಒಂದು ಮಾತು ಹಾಕಿ" ಎಂದರು.

"ಆಗಲಿ, ನಾಳೆ ಕೇಳುತ್ತೇನೆ" ಎಂದೆ. ಬಾಗಿಲ ಮೇಲೆ ಜನ 'ನಾಳೆ ಬಾ' ಎಂದು ಬರೆಯುತ್ತಾರಲ್ಲ, ನನ್ನ ಬಾಯೂ ಹಾಗೆಯೇ ಇತ್ತು. ದೊರೆಯ ಹತ್ತಿರ ವರ್ಷಕ್ಕೆ ಒಂದು ಬೇಡಿಕೆ ಇಡಬಹುದು, ಎರಡಾದರೆ ಮುಖ ಕೆಡುತ್ತದೆ. ಇದು ನಮ್ಮ ಕಡೆಯ ತೋಟದ ರೈಟರ್‌ಗಳು ತಮ್ಮತಮ್ಮಲ್ಲೇ ಮಾಡಿಕೊಂಡಿದ್ದ ಕಟ್ಟು. ಯಾವ ದೊರೆಯೂ ಹೇಳಿದ್ದಲ್ಲ. ಆ ವರ್ಷದ ಬೇಡಿಕೆಯನ್ನು ನಾನು ತಂಗಿಯ ಮದುವೆಯ ರಜೆಗೆ ಖರ್ಚು ಮಾಡಿದೆ. ಮೇಸ್ತ್ರಿ ಮತ್ತೆ ಬಂದು, "ಎಂತ ಹೇಳಿದ್ರು?" ಎಂದು ಕೇಳಿದಾಗ ಸುಳ್ಳು ಬಹಳ ಹಗುರಾಗಿ ಬಂತು: "ಕೇಳಿದೆ ಮೇಸ್ತ್ರಿ. ಆಗುವುದಿಲ್ಲ ಎಂದರು. ಬರುವ ವರ್ಷ ಮತ್ತೆ ಕೇಳುವ." ಮರುವರ್ಷ ನನ್ನ ಕ್ವಾರ್ಟರ್ಸಿಗೆ ಹೆಂಚು ಕೇಳಿದೆ. ಮೇಸ್ತ್ರಿಗೆ ಮತ್ತದೇ ಉತ್ತರ ಕೊಟ್ಟೆ. ಅದರಲ್ಲಿ ದ್ವೇಷ ಇರಲಿಲ್ಲ, ದುಷ್ಟತನವೂ ಇರಲಿಲ್ಲ. ದಿನವಿಡೀ ಇನ್ನೊಬ್ಬರ ಮಾತು ಹೊತ್ತು ಸಾಯಂಕಾಲಕ್ಕೆ ನಾಲಗೆ ಸುಸ್ತಾಗಿರುತ್ತಿತ್ತು. ಬಂಗಲೆಯ ಮೆಟ್ಟಿಲ ಕೆಳಗೆ ಟೊಪ್ಪಿ ತೆಗೆದು ನಿಲ್ಲುವುದು ಬೇಜಾರು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವೊಂದು ಇದ್ದಿದ್ದರೆ ಹೇಳಿಕೊಳ್ಳಲು ಚೆನ್ನಾಗಿರುತ್ತಿತ್ತು.

ಹೆಂಚು ಹಾಕುವಾಗ ನಮ್ಮ ಮನೆಯ ಹೊಗೆಕಂಡಿಯನ್ನು ಮತ್ತೆ ಕೂರಿಸಿಕೊಟ್ಟವರೂ ಅವರೇ. "ನಿಮಗಾದ್ರೂ ಒಪ್ಪಿದ್ರಲ್ಲ" ಎಂದರು. ಆ ಮಾತಿನಲ್ಲಿ ಕೊಂಕು ಇರಲಿಲ್ಲ.

ಪೂವಕ್ಕ ಆ ಸಲದ ಕಕ್ಕಡ ತಿಂಗಳ, ಆಷಾಢದ ಜಡಿಮಳೆಯಲ್ಲಿ ತೀರಿಹೋದಳು. ಕೊನೆಯ ವಾರವೆಲ್ಲ ಬಾಗಿಲಲ್ಲಿ ಕೂತೇ ಇದ್ದಳು. ಮುಂದೆ ಇರಚಲು, ಹಿಂದೆ ಹೊಗೆ. ಒಳಗೆ ಹೋದರೆ ಉಸಿರಿಲ್ಲ, ಹೊರಗೆ ಬಂದರೆ ಚಳಿ. ಅವ್ವ ಅವಳನ್ನು ನಮ್ಮ ಮನೆಗೆ ಕರೆತರಲು ಹೋದ ದಿನ ಮಧ್ಯಾಹ್ನವೇ ಮುಗಿದಿತ್ತು.

ಒಂದು ತಿಂಗಳಾಗಿರಬೇಕು, ಗಾಳಿಗೆ ಕೊಂಬೆ ಬಿದ್ದು ಬಂಗಲೆಯ ಚಿಮಣಿ ಮುರಿಯಿತು. ದೊರೆಸಾನಿಗೆ ಜ್ವರ, ಕೋಣೆಯಲ್ಲಿ ಬೆಂಕಿಯಿಲ್ಲ. ಮೇಸ್ತ್ರಿ ಸುರಿಯುವ ಮಳೆಯಲ್ಲಿ ಎಲೆಯ ಗೊರಗ ಹೊದ್ದು ಮಾಡು ಹತ್ತಿ, ಬೆಳಗಿನಿಂದ ಸಂಜೆಯೊಳಗೆ ಕಟ್ಟಿ ಇಳಿದರು. ದೊರೆ ಜಗಲಿಗೆ ಬಂದ. ಇವನಿಗೆ ಏನಾದರೂ ಕೊಡಬೇಕು, ಏನು ಬೇಕೆಂದು ಕೇಳು ಎಂದ. ನಾನು ಕೇಳಿದೆ.

ಮೇಸ್ತ್ರಿ ಕೈಯ ಗಾರೆ ಉಜ್ಜಿಕೊಳ್ಳುತ್ತಾ, "ನನಗೆಂತ ಬೇಡ. ಲೈನಿಗೆ ಹೊಗೆಕಂಡಿ ಇಡ್ಲಿಕ್ಕೆ ಇನ್ನೊಮ್ಮೆ ಕೇಳ್ತೇನೆ ಅಂತ ಹೇಳಿ. ಎರಡು ಸಲ ಬೇಡ ಅಂದಿದ್ದಾರೆ, ಸಿಟ್ಟು ಮಾಡ್ಬೇಡಿ ಅಂತ ಹೇಳಿ. ಮಕ್ಕಳಿರುವ ಕೋಣೆಗಳಿಗಾದ್ರೂ ಸಾಕು" ಎಂದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ. 'ಇನ್ನೊಮ್ಮೆ' ಎಂಬುದನ್ನು ಬಿಟ್ಟೆ. 'ಎರಡು ಸಲ' ಎಂಬುದನ್ನೂ ಬಿಟ್ಟೆ.

ಆಫೀಸಿಗೆ ಮಾಡಿದ ಹಾಗೆ ತಾನೇ, ಮಾಡಲಿ, ಎಲ್ಲ ಕೋಣೆಗೂ ಮಾಡಲಿ ಎಂದು ದೊರೆ ಒಳಗೆ ಹೊರಟ. ಬಾಗಿಲಲ್ಲಿ ತಿರುಗಿ, ಇಷ್ಟು ಸಣ್ಣ ವಿಷಯವನ್ನು ಇವನು ಮೊದಲೇ ಯಾಕೆ ಕೇಳಲಿಲ್ಲ ಎಂದ. ಉತ್ತರಕ್ಕಾಗಿ ನಿಂತ.

"ಎಂತ ಹೇಳಿದ್ರು ರೈಟ್ರೇ?"

"ಒಪ್ಪಿದರು."

"ಮತ್ತೆ ಎಂತದೋ ಕೇಳಿದ್ರಲ್ಲ. ನಿಂತಿದ್ದಾರೆ ನೋಡಿ."

ಅಲ್ಲಿ ಇನ್ನೊಂದು ಸುಳ್ಳು ಹೇಳಬಹುದಿತ್ತು. ನನ್ನ ಬಳಿ ಆ ಹೊತ್ತಿಗೆ ಅದಕ್ಕೂ ತ್ರಾಣವಿರಲಿಲ್ಲ. "ಮೊದಲೇ ಯಾಕೆ ಕೇಳಲಿಲ್ಲ ಅಂತ ಕೇಳುತ್ತಿದ್ದಾರೆ" ಎಂದೆ.

ಮೇಸ್ತ್ರಿ ನನ್ನ ಮುಖವನ್ನೇ ನೋಡಿದರು. ಮಳೆ ಮಾಡಿನಿಂದ ಸುರಿಯುತ್ತಿತ್ತು. ನನ್ನ ಕೆಲಸ ಹೋಗುತ್ತದೆ ಎಂಬುದಷ್ಟೇ ನನಗೆ ಮೊದಲು ಹೊಳೆದದ್ದು. ಅದನ್ನೂ ಬರೆಯಬೇಕಲ್ಲ, ಬರೆದಿದ್ದೇನೆ. ಅವರು, "ಐತಪ್ಪನಿಗೆ ಹೆದರಿಕೆ ಆಯ್ತಂತೆ, ಹಾಗೆ ಕೇಳಲಿಲ್ಲಂತೆ ಅಂತ ಹೇಳಿ" ಎಂದರು. ನಾನು ಹಾಗೆಯೇ ಹೇಳಿದೆ. ದೊರೆ ನಕ್ಕು ಒಳಗೆ ಹೋದ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಲೈನಿನಲ್ಲಿ ಜನ ರೈಟರ್‌ಗಳ ಬೆನ್ನಹಿಂದೆ ಹೇಳುತ್ತಿದ್ದರು. ಅದು ಬೇರೆ ತೋಟದವರ ಬಗ್ಗೆ ಎಂದುಕೊಂಡಿದ್ದೆ.

ಹದಿನಾರು ಕೋಣೆಗಳಿಗೂ ಮೇಸ್ತ್ರಿ ಕಂಡಿ ಇಟ್ಟರು. ತಮ್ಮದನ್ನೂ ಬಿಡಲಿಲ್ಲ, "ನಾಳೆ ಯಾರೋ ಬಂದು ಇರ್ತಾರೆ" ಎಂದರಂತೆ. ಆ ದಿನಗಳಲ್ಲಿ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಅದು ಮುಗಿದ ಮರುದಿನ ಬೆಳಿಗ್ಗೆ ಬಟ್ಟೆಯ ಗಂಟು ಹಿಡಿದು ನಮ್ಮ ಮನೆಗೆ ಬಂದರು. ಅವ್ವನ ಕಾಲು ಮುಟ್ಟಿದರು. ಅವ್ವ ಅತ್ತಳು. ಕಾಫಿ ಕೊಟ್ಟಳು, ಕುಡಿದರು. ಮಡಿಕೇರಿಗೆ ಹೋಗಿ ಅಲ್ಲಿಂದ ಸಂಪಾಜೆ ಘಾಟಿ ಇಳಿಯುತ್ತೇನೆ, ಇನ್ನು ಮೇಲೆ ಬರುವುದಿಲ್ಲ ಎಂದರು.

ನಾನು ಅವರ ಹಿಂದೆ ರಸ್ತೆಯವರೆಗೆ ಹೋದೆ. ಗೋಣಿಕೊಪ್ಪಲಿಗೆ ಹೋಗುವ ಎತ್ತಿನಗಾಡಿ ನಿಂತಿತ್ತು. "ಮೇಸ್ತ್ರಿ, ನಾನು..." ಎಂದೆ. ನಿಜ ಹೇಳಬೇಕೆಂದರೆ, ಅವರು ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವರು ಗಂಟನ್ನು ಗಾಡಿಯಲ್ಲಿಟ್ಟು ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ, ದಣಿವು ಇತ್ತು.

"ಬೇಡ ರೈಟ್ರೇ. ನೀವು ಹೇಳಿ ನಾನು ಕೇಳಿ ಎಂತ ಆಗ್ಲಿಕ್ಕುಂಟು? ಒಂದೇ ಒಂದು ಸಂಗತಿ ನನಗೆ ತಡೀಲಿಕ್ಕೆ ಆಗುವುದಿಲ್ಲ. ಪೂವಕ್ಕ ಜೀವ ಬಿಡುವಾಗ ದೊರೆಗೆ ಶಾಪ ಹಾಕಿ ಹೋದಳು. ನಾನೂ ಹೂಂ ಅಂದೆ."

ಗಾಡಿ ಹೊರಟಿತು. ಅವರು ಹಿಂದಕ್ಕೆ ಮುಖ ಮಾಡಿಯೇ ಕೂತಿದ್ದರು, ಆದರೆ ನನ್ನ ಕಡೆ ನೋಡಲಿಲ್ಲ.