ಶಿವಬಸಪ್ಪನವರ ಹುಲ್ಲುಹಾಸು

ಅಮೆರಿಕದ ಡರ್ಹಮಿನಲ್ಲಿ ಮನೆ ಕೊಂಡಾಗ ಶಿವಬಸಪ್ಪನವರಿಗೆ ನಲವತ್ತೇಳು. ಮನೆ ಮುಂದಿನ ಹುಲ್ಲು ಹಸಿರಾಗಿರಬೇಕೆಂಬುದು ಬಡಾವಣೆಯ ಸಂಘದ ನಿಯಮ. ಗದಗಿನ ಗುಮಾಸ್ತರ ಮಗನಾದ ಅವರು ಎಂದೂ ಗುದ್ದಲಿ ಹಿಡಿದವರಲ್ಲ. ಔಷಧ ಕಂಪನಿಯೊಂದರ ಬಾಯ್ಲರ್ ನೋಡಿಕೊಳ್ಳುವ ಇಂಜಿನಿಯರ್. ಆದರೂ ಅವರಿವರನ್ನು ಕೇಳಿ, ಫೆಸ್ಕ್ಯೂ ಎಂಬ ಹುಲ್ಲಿನ ಬೀಜ ತಂದು ಬಿತ್ತಿದರು.

ಫೆಸ್ಕ್ಯೂ ಚಳಿಗೆ ಹೇಳಿ ಮಾಡಿಸಿದ ಹುಲ್ಲು. ಸೆಪ್ಟೆಂಬರಿನಲ್ಲಿ ಬಿತ್ತಿದರೆ ಏಪ್ರಿಲ್ಲಿಗೆ ಕಣ್ಣು ತಂಪಾಗುವಂತೆ ಎದ್ದು ನಿಲ್ಲುತ್ತಿತ್ತು. ಜುಲೈ ಬಂತೆಂದರೆ ಎಷ್ಟು ನೀರು ಬಿಟ್ಟರೂ ಕಂದು ತೇಪೆ ಬಿದ್ದು ಸಾಯುತ್ತಿತ್ತು. ಮತ್ತೆ ಇಟ್ಟಿಗೆಯಂತೆ ಬಿಗಿದ ಕೆಂಪು ಮಣ್ಣಿಗೆ ತೂತು ಹೊಡೆದು, ಸುಣ್ಣ ಚೆಲ್ಲಿ, ಬೀಜ ಹಾಕಿ, ಮೇಲೆ ಒಣಹುಲ್ಲು ಹೊದಿಸಬೇಕು. ಇದರ ನಡುವೆ ರಸ್ತೆಯ ಅಂಚಿನಿಂದ ಬರ್ಮುಡಾ ಎಂಬ ಕಳೆ ಹಬ್ಬಿಕೊಂಡು ಬರುತ್ತಿತ್ತು. ಅದು ಎರಡೆಲೆ ತೋರಿಸಿದರೆ ಸಾಕು, ಶಿವಬಸಪ್ಪನವರು ಔಷಧಿ ಹೊಡೆಯುತ್ತಿದ್ದರು. ಹೀಗೆ ಎಂಟು ವರ್ಷ. ಸೊಂಟ ಹಿಡಿಯಿತು, ಮೊಣಕಾಲು ಸವೆಯಿತು.

ತೊಂಬತ್ತಾರರ ಸೆಪ್ಟೆಂಬರಿನಲ್ಲಿ ಬೀಜ ಬಿತ್ತಿದ ನಾಲ್ಕನೆಯ ದಿನ ಫ್ರ್ಯಾನ್ ಚಂಡಮಾರುತ ಬಂತು. ಬೆಳಗ್ಗೆ ಎದ್ದು ನೋಡಿದರೆ ಪೈನ್ ಮರವೊಂದು ಅಂಗಳಕ್ಕಡ್ಡ ಬಿದ್ದಿತ್ತು. ಬೀಜ, ಒಣಹುಲ್ಲು, ಮೇಲ್ಮಣ್ಣು ಎಲ್ಲ ಕೊಚ್ಚಿಹೋಗಿ ಚರಂಡಿ ಸೇರಿದ್ದವು. ಅವರು ಮೆಟ್ಟಿಲ ಮೇಲೆ ಕುಳಿತರು. ಸಿಟ್ಟು ಬರಲಿಲ್ಲ. ಏಳಲು ಮಾತ್ರ ಮನಸ್ಸಾಗಲಿಲ್ಲ.

ವಾರಗಟ್ಟಲೆ ಕರೆಂಟಿಲ್ಲ, ರಸ್ತೆಯ ತುಂಬ ಮರಗಳು. ಔಷಧಿ ಹೊಡೆಯುವುದು ಹಾಗೇ ಉಳಿಯಿತು. ಅಷ್ಟರಲ್ಲಿ ಗಣೇಶ ಚೌತಿ ಬಂತು. ಆಸ್ಪತ್ರೆಯ ನರ್ಸ್ ಕೆಲಸದಲ್ಲಿ ಶನಿವಾರ, ರವಿವಾರವನ್ನೂ ಕಳೆಯುತ್ತಿದ್ದ ಹೆಂಡತಿ ಗೌರಾಬಾಯಿ ಅಂದು ರಜೆ ಹಾಕಿದ್ದರು. ಹೂವೇನಾದರೂ ಸಿಕ್ಕೀತೆಂದು ಅಂಗಳಕ್ಕಿಳಿದವರು ರಸ್ತೆಯಂಚಿನಲ್ಲಿ ಬಗ್ಗಿ ನಿಂತುಬಿಟ್ಟರು.

"ಏನ್ರೀ, ಇಲ್ಲಿ ಬರ್ರಿ. ಇದು ಕರಕಿ ಅಲ್ಲೇನ್ರಿ?"

"ಬರ್ಮುಡಾ ಅದು. ಮುಟ್ಟಬ್ಯಾಡ, ಕಳೆ."

"ಕಳೆ ಅಂತ ಕಳೆ! ಹೋದ ಸಲ ಕರಕಿ ಸಿಗಲಾರದ ಗಣಪ್ಪಗ ಕೊತ್ತಂಬರಿ ಏರಿಸೀನಿ ನಾ. ಮನಿ ಮುಂದ ಬೆಳದಿದ್ದಕ್ಕ ನೀವು ವಿಷಾ ಹೊಡೀಲಿಕತ್ತೀರಿ?"

ಶಿವಬಸಪ್ಪನವರು ಕಷ್ಟಪಟ್ಟು ಬಗ್ಗಿದರು. ನೆಲಕ್ಕಂಟಿ ಹರಿದ ಬಳ್ಳಿ, ಗೆಣ್ಣುಗೆಣ್ಣಿಗೂ ಬೇರು. ಗರಿಕೆಯೇ. ಎಂಟು ವರ್ಷದ ಬೆವರು ನೆನೆದು ಅವರಿಗೆ ನಗು ಬರಲಿಲ್ಲ.

"ಗೌರಾ, ನನಗ ಸಾಕಾಗೇದ. ಇದ ಇರಲಿ," ಎಂದರು.

ಆ ವರ್ಷ ಅವರು ಮತ್ತೆ ಬಿತ್ತಲಿಲ್ಲ. ಚಳಿಗಾಲದಲ್ಲಿ ಅಕ್ಕಪಕ್ಕದ ಅಂಗಳಗಳು ಹಸಿರಾಗಿರುವಾಗ ಇವರದು ಅರ್ಧ ಬೋಳು, ಇನ್ನರ್ಧ ಚಳಿಗೆ ಮಲಗಿದ ಗರಿಕೆ, ಒಣಗಿದ ಸೊಪ್ಪೆಯ ಬಣ್ಣ. ಸಂಘದಿಂದ ಕಾಗದ ಬಂತು. ಶಿವಬಸಪ್ಪನವರು ಸಭೆಗೆ ಹೋಗಿ, ಹುಲ್ಲು ಸತ್ತಿಲ್ಲ, ಬೇಸಿಗೆಯವರೆಗೆ ಕಾಯಿರಿ ಎಂದಷ್ಟೇ ಹೇಳಿದರು. ವಾದ ಮಾಡುವ ತ್ರಾಣ ಇರಲಿಲ್ಲ. ಅವರ ಮುಖ ನೋಡಿಯೋ ಏನೋ, ಅಧ್ಯಕ್ಷೆ ಜೂನ್ ತನಕ ಗಡುವು ಕೊಟ್ಟಳು.

ಮೇ ತಿಂಗಳಲ್ಲಿ ಗರಿಕೆ ಚಿಗುರಿತು. ಜುಲೈನಲ್ಲಿ ಬೀದಿಯ ಫೆಸ್ಕ್ಯೂ ಎಲ್ಲ ಕಂದಿದಾಗ ಇವರ ಅಂಗಳ ಒಂದೇ ದಟ್ಟ ಹಸಿರು. ದಾರಿಹೋಕರು ಕಾರು ನಿಧಾನ ಮಾಡಿ ನೋಡುತ್ತಿದ್ದರು.

"ಖುಷಿ ಆತೇನ್ರಿ?" ಎಂದು ಗೌರಾಬಾಯಿ ಕೇಳಿದರು.

"ಸಾಯೂದಿಲ್ಲ, ಖರೆ," ಎಂದರು ಶಿವಬಸಪ್ಪನವರು. "ಆದ್ರ ವಾರಕ್ಕ ಎರಡು ಸಲ ಕತ್ತರಿಸಬೇಕಲ್ಲ."

ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಗ್ಯಾರೇಜಿನಿಂದ ಹುಲ್ಲು ಕತ್ತರಿಸುವ ಯಂತ್ರವನ್ನು ಹೊರಗೆಳೆದರು.