ನಟ್ಟನಡುವಿನ ಬಿರುಕು
ಟಕ್ ಟಕ್ ಎಂದು ಉಗುರಿನಿಂದ ಗಾಜು ತಟ್ಟಿ ನೋಡದೆ ನಮ್ಮ ಬೀದಿಯ ಈ ಫೋನ್ ರಿಪೇರಿಯವರು ಯಾವ ಫೋನನ್ನೂ ಬಿಚ್ಚುವುದಿಲ್ಲ. ‘ಕೈಜಾರಿ ಬಿತ್ತು, ಅಣ್ಣಾ’ ಎಂದರೆ ನಗುತ್ತಾರೆ. ‘ಬಿದ್ರೆ ಮೂಲೆ ಒಡೆಯುತ್ತೆ, ತಾಯಿ. ಎಸೆದ್ರೇನೇ ಹೀಗೆ ನಡುವೆ ಒಡೆಯೋದು. ಯಾರ ಮೇಲಿನ ಸಿಟ್ಟು?’ ಗಂಡಹೆಂಡಿರು ಒಟ್ಟಿಗೆ ಬಂದರೆ ಮಾತ್ರ ಏನೂ ಕೇಳುವುದಿಲ್ಲ. ಅಂಟು ಸಡಿಲಾಗಲೆಂದು ಫೋನನ್ನು ಬಿಸಿ ತಟ್ಟೆಯ ಮೇಲಿಟ್ಟು, ಇಬ್ಬರಿಗೂ ಒಂದೇ ಬೆಂಚು ತೋರಿಸುತ್ತಾರೆ. ರಿಪೇರಿಯವರ ಡ್ರಾಯರಿನಲ್ಲಿ ಮಾತ್ರ ನಾಲ್ಕು ವರ್ಷದಿಂದ ಒಂದು ಫೋನು ಹಾಗೇ ಇದೆ, ನಟ್ಟನಡುವೆ ಒಡೆದದ್ದು. ಮೊನ್ನೆ ನನ್ನ ಫೋನು ಬಿಚ್ಚುತ್ತಿದ್ದಾಗ ಅದು ಯಾರದೆಂದು ಕೇಳಿದೆ. ‘ಮಗಳದ್ದು. ಮನೆ ಬಿಟ್ಟು ಹೋಗುವಾಗ ನೆಲದ ಮೇಲಿದ್ದದ್ದನ್ನ ಎತ್ತಿಕೊಳ್ಳಲೂ ಇಲ್ಲ,’ ಎಂದರು. ‘ಅವಳೇ ಎಸೆದಳಾ?’ ಎಂದೆ. ‘ಅವಳಲ್ಲ,’ ಎಂದವರು, ಬಿಚ್ಚಿದ ನನ್ನ ಫೋನನ್ನು ಹಾಗೇ ಬಿಟ್ಟು, ಎದ್ದು ಬೀದಿಗಿಳಿದು ನಡೆದುಬಿಟ್ಟರು.